ಅಂಚೆ ಗಾಡಿಯನ್ನು ಅಳತೆ ಟೇಪಿನಿಂದ ಕಟ್ಟಿಹಾಕಿದ ಬಗ್ಗೆ

ಹೆಸರು: ಗುರುತಿನ ಚೀಟಿ ನೋಡಿ ಅಧಿಕಾರಿಗಳೇ ಬರೆದುಕೊಂಡಿದ್ದಾರೆ. ಕೆಲಸದ ಜಾಗದಲ್ಲಿ ಎಲ್ಲರೂ ಜಿಪ್ಪಕ್ಕ ಎನ್ನುತ್ತಾರೆ.
ವಯಸ್ಸು: 41 ವರ್ಷ.
ಉದ್ಯೋಗ: ಲಾಂಡ್ರಿ ಅಂಗಡಿಯಲ್ಲಿ ಹೊಲಿಗೆ ಕೆಲಸ. ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು.
ವಾಸ: 14ನೇ ನಂಬರಿನ ಕಟ್ಟಡ, ಮೂರನೇ ಮಹಡಿ, ಮೆಟ್ಟಿಲು ಹತ್ತಿದ ಮೇಲೆ ಎಡಗಡೆಯ ಬಾಗಿಲು.

ಈ ಠಾಣೆಗೆ ನಾನಾಗಿ ಬಂದವಳಲ್ಲ, ಕರೆತಂದಿದ್ದಕ್ಕೆ ಬಂದವಳು. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ನನ್ನ ಮೇಲೆ ಕೊಟ್ಟಿರುವ ದೂರಿಗೆ ಉತ್ತರವಾಗಿ ಹೇಳಿ ಬರೆಯಿಸುತ್ತಿರುವುದು ಏನೆಂದರೆ, ದೂರಿನಲ್ಲಿ ಇರುವುದೆಲ್ಲ ನಿಜ. ದುಭಾಷಿ ಬೇಕೇ ಎಂದು ಅಧಿಕಾರಿಗಳು ಕೇಳಿದರು. ಹನ್ನೊಂದು ವರ್ಷದಲ್ಲಿ ಜಗಳ ಆಡುವಷ್ಟು ಇಲ್ಲಿಯ ಭಾಷೆ ಬಂದಿದೆ, ಬೇಡ ಎಂದೆ. ಏನೂ ಹೇಳದೆ ಸುಮ್ಮನಿರುವ ಹಕ್ಕು ನನಗಿದೆ ಎಂದೂ ತಿಳಿಸಿದರು. ಅದು ನನಗೆ ಮೊದಲೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲ ಹಕ್ಕುಗಳೂ ಬಾಯಿಪಾಠ ಬರುತ್ತವೆ. ನಾವು ಹಾಳಾಗಿರುವುದೇ ಅದರಿಂದ.

ಅಂಚೆ ಗಾಡಿಯಿಂದ ಶುರುಮಾಡಿ ಎಂದು ಅಧಿಕಾರಿಗಳು ಎರಡು ಸಲ ಹೇಳಿದರು. ಗಾಡಿಯಿಂದ ಶುರುಮಾಡಿದರೆ ನಾನು ಹುಚ್ಚಿಯ ಹಾಗೆ ಕಾಣುತ್ತೇನೆ. ಆದ್ದರಿಂದ ಮೊದಲಿಂದ ಹೇಳುತ್ತೇನೆ.

ಮನೆಯಲ್ಲಿ ನಾವು ನಾಲ್ವರು. ನನ್ನ ಗಂಡ, 46 ವರ್ಷ, ಲಿಫ್ಟ್ ರಿಪೇರಿ ಮೆಕ್ಯಾನಿಕ್. ಅತ್ತೆ, 73 ವರ್ಷ. ಮಗಳು, ಒಂಬತ್ತು ವರ್ಷ, ಇಲ್ಲಿಯೇ ಹುಟ್ಟಿದವಳು. ಹುಟ್ಟಿದಾಗಿನಿಂದ ಕಿವಿ ಕೇಳದೆ ಎರಡನೇ ವಯಸ್ಸಿನಲ್ಲಿ ಆಪರೇಷನ್ ಮಾಡಿ ಕಿವಿಯ ಯಂತ್ರ ಇಟ್ಟಿದ್ದಾರೆ. ಪ್ರತಿ ಮಂಗಳವಾರ ಮಾತು ಕಲಿಸುವ ಟೀಚರ್ ಹತ್ತಿರ ಹೋಗುತ್ತಾಳೆ. ನನ್ನ ಕಾಗದ, ಅತ್ತೆಯ ಕಾಗದ ಸರಿ ಇವೆ. ತಕರಾರು ಗಂಡನ ಕಾಗದದ್ದು ಮಾತ್ರ. ಅವರು ಮೊದಲು ಇದ್ದ ಕಂಪನಿ ಮುಚ್ಚಿತು. ಹೊಸ ಕಂಪನಿಯವರು ಅವರ ಪರವಾನಗಿಯ ಅರ್ಜಿಯನ್ನು 19 ದಿನ ತಡವಾಗಿ ಹಾಕಿದರು. ತಡ ಮಾಡಿದ್ದು ಕಂಪನಿ, ದೇಶ ಬಿಟ್ಟು ಹೋಗು ಎಂದು ನೋಟಿಸು ಬಂದದ್ದು ನನ್ನ ಗಂಡನಿಗೆ.

ಈ ವರ್ಷ ಜನವರಿ 9ರಂದು ಗಂಡ ಕೋರ್ಟಿಗೆ ಹಾಜರಾದರು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ಇದ್ದವರು, ಇಲ್ಲಿ ಹುಟ್ಟಿದ ಮಗುವಿಗೆ ಇಲ್ಲಿಯೇ ಚಿಕಿತ್ಸೆ ನಡೆಯುತ್ತಿರುವವರು, ಗಡೀಪಾರು ರದ್ದು ಮಾಡಿ ಎಂದು ಕೇಳಬಹುದು ಎಂದು ನ್ಯಾಯಾಧೀಶರೇ ಹೇಳಿದರು. ಟೀಚರ್ ಪತ್ರ, ಡಾಕ್ಟರ್ ಪತ್ರ, ತೆರಿಗೆ ಕಟ್ಟಿದ ರಸೀದಿಗಳು, ಎಲ್ಲವನ್ನೂ ಸೆಪ್ಟೆಂಬರ್ 18ಕ್ಕೆ ತನ್ನಿ ಎಂದರು. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಹಾಳೆ ತೆಗೆದು 18ಕ್ಕೆ ಕೆಂಪು ದಾರದಿಂದ ಹೊಲಿಗೆ ಹಾಕಿದೆ. ಪೆನ್ನಿನ ಗುರುತು ಮಾಸುತ್ತದೆ ಎಂದು.

ಮೇ 4, ಭಾನುವಾರ, ಮಧ್ಯಾಹ್ನ 3 ಗಂಟೆಗೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಮ್ಮಂಥವರಿಗಾಗಿ ಕಾನೂನಿನ ತರಗತಿ ಇತ್ತು. ನಾಲ್ವರೂ ಹೋದೆವು. ತರಗತಿ ನಡೆಸಿದವರು ಒಬ್ಬ ವಕೀಲೆ. ಅಧಿಕಾರಿಗಳು ಬಾಗಿಲು ಬಡಿದರೆ ತೆರೆಯಬೇಕಾಗಿಲ್ಲ, ನ್ಯಾಯಾಧೀಶರ ಸಹಿ ಇರುವ ಕಾಗದ ಇದ್ದರೆ ಬಾಗಿಲ ಕೆಳಗಿನಿಂದ ತಳ್ಳಲು ಹೇಳಬಹುದು, ವಕೀಲರಿಲ್ಲದೆ ಮಾತಾಡಬೇಕಾಗಿಲ್ಲ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು ಎಂದು ಹೇಳಿ, ಇದೇ ನಾಲ್ಕು ಮಾತು ಅಚ್ಚಾಗಿದ್ದ ಒಂದು ಕೆಂಪು ಕಾರ್ಡನ್ನು ಎಲ್ಲರಿಗೂ ಕೊಟ್ಟರು. ತರಗತಿ 5.40ಕ್ಕೆ ಮುಗಿಯುವುದಿತ್ತು. ನಮ್ಮ ಕಡೆ ಹೋಗುವ ಬಸ್ 5.35ಕ್ಕೆ, ಅದು ತಪ್ಪಿದರೆ 7 ಗಂಟೆಯವರೆಗೆ ಇಲ್ಲ. ಅತ್ತೆಗೆ ಮಂಡಿ ನೋವು. 5.28ಕ್ಕೆ ನಾವು ಹಿಂದಿನ ಬಾಗಿಲಿನಿಂದ ಎದ್ದು ಬಂದೆವು.

ಅತ್ತೆಗೆ ಇಲ್ಲಿಯ ಭಾಷೆ ಬರುವುದಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಇರುವವರು ಅವರೊಬ್ಬರೇ. ನಾಲ್ಕನೆಯದು ಮನೆಯಲ್ಲಿ ಎಲ್ಲರಿಗೂ ಎಚ್ಚರಿಕೆಗೆ ಇರಲಿ, ಬಾಗಿಲಲ್ಲಿ ಹೇಳಬೇಕಾದ ಮೊದಲ ಮೂರು ವಾಕ್ಯಗಳನ್ನು ಅಜ್ಜಿಗೆ ನಾನು ಕಲಿಸುತ್ತೇನೆ ಎಂದು ಮಗಳು ಹೇಳಿದಳು. ಅವಳಿಗೆ ಟೀಚರ್ ಹೇಗೆ ಮಾತು ಕಲಿಸಿದ್ದರೋ ಹಾಗೆಯೇ ಕಲಿಸಿದಳು. ಅಜ್ಜಿಯ ಬೆರಳನ್ನು ತನ್ನ ಗಂಟಲ ಮೇಲೆ ಇಟ್ಟು ಒಂದೊಂದು ಅಕ್ಷರ ನಡುಗುವುದನ್ನು ಮುಟ್ಟಿಸಿ, ಆಮೇಲೆ ಅಜ್ಜಿಯ ಗಂಟಲ ಮೇಲೆ ತನ್ನ ಬೆರಳು ಇಟ್ಟು ಪರೀಕ್ಷೆ ಮಾಡಿದಳು. ಹನ್ನೊಂದು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಹನ್ನೆರಡನೇ ದಿನಕ್ಕೆ ಅತ್ತೆಯ ಮೂರು ವಾಕ್ಯ ನನ್ನದಕ್ಕಿಂತ ಚೆನ್ನಾಗಿತ್ತು. ಆ ಮೂರು ವಾಕ್ಯ ಕೇಳಿದವರು ಇವರು ಇಲ್ಲಿಯೇ ಹುಟ್ಟಿ ಬೆಳೆದ ಹೆಂಗಸು ಎಂದುಕೊಳ್ಳಬೇಕು, ಅಷ್ಟು ಚೆನ್ನಾಗಿತ್ತು.

ಅಂದಿನಿಂದ ನಮ್ಮ ಮನೆಯ ಬಾಗಿಲು ಬಾಗಿಲಾಗಿ ಉಳಿಯಲಿಲ್ಲ. ನೀರಿನ ಮೀಟರ್ ಓದುವವನಿಗೆ ಅತ್ತೆ ನ್ಯಾಯಾಧೀಶರ ಸಹಿ ಕೇಳಿದರು. ಕೆಳಗಿನ ಮನೆಯಾಕೆ ಒಣಗಲು ಹಾಕಿದ್ದ ನಮ್ಮ ಟವೆಲ್ ಬಿದ್ದಿದೆ ಎಂದು ತಂದುಕೊಟ್ಟರೆ ಆಕೆಗೂ ಕೇಳಿದರು. ಮೇ 17ರಂದು ನನ್ನ ಗಂಡ ಬೀಗದ ಕೈ ಮರೆತು ಹೋಗಿ ಸಂಜೆ 6.10ರಿಂದ 6.35ರವರೆಗೆ ಹೊರಗೆ ನಿಂತರು. ಅಮ್ಮಾ ನಾನು, ಅಮ್ಮಾ ನಾನು ಎಂದರು. ಅತ್ತೆ ಒಳಗಿನಿಂದ, ಹೆದರಿಸಿ ಮಗನ ಕೈಯಲ್ಲೇ ಕೂಗಿಸಬಹುದಲ್ಲ, ನಿನ್ನ ಹಿಂದೆ ಯಾರಿದ್ದಾರೋ ನನಗೇನು ಗೊತ್ತು ಎಂದರಂತೆ. ನಾನು ಬಂದು ಬಾಗಿಲು ತೆಗೆಸಿದೆ. ಆವತ್ತು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನೂ ಬರೆದುಕೊಳ್ಳಿ ಎಂದು ಕೋರುತ್ತೇನೆ.

ಜುಲೈ 3, ಗುರುವಾರ. ಮೂರು ತಿಂಗಳಿಗೊಮ್ಮೆ ವಲಸೆ ಕಚೇರಿಗೆ ಹೋಗಿ ಸಹಿ ಹಾಕಿ ಬರಬೇಕಾದ ದಿನ. ಗಂಡ ಬೆಳಿಗ್ಗೆ 8.20ಕ್ಕೆ ಮನೆ ಬಿಟ್ಟರು. 11 ಗಂಟೆಗೆ ಒಂದು ಕಟ್ಟಡದಲ್ಲಿ ನಿಂತುಹೋದ ಲಿಫ್ಟ್ ನೋಡಬೇಕು, ಅಲ್ಲಿಂದ ನೇರ ಹೋಗುತ್ತೇನೆ ಎಂದು ಪಾನಾ ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಮಧ್ಯಾಹ್ನ 12.50ಕ್ಕೆ ಅಂಗಡಿಗೆ ಫೋನ್ ಬಂತು. ಮೂರು ನಿಮಿಷ ಮಾತ್ರ ಎಂದರು. ವಿಚಾರಣೆಯ ದಿನ ಸೆಪ್ಟೆಂಬರ್ 18ರಿಂದ ಜೂನ್ 12ಕ್ಕೆ ಹಿಂದೆ ಬಂದಿತ್ತಂತೆ, ನೋಟಿಸು ಕಳಿಸಿದ್ದರಂತೆ, ತಾನು ಹೋಗಿಲ್ಲವಂತೆ, ಬಾರದವನ ಮೇಲೆ ಗಡೀಪಾರು ಆದೇಶ ಆಗಿಹೋಗಿದೆಯಂತೆ, ಈಗ ಹಿಡಿದಿಟ್ಟಿದ್ದಾರೆ ಎಂದರು. ಸ್ವಇಚ್ಛೆಯಿಂದ ದೇಶ ಬಿಡುತ್ತೇನೆ ಎಂಬ ಕಾಗದ ಮುಂದೆ ಇಟ್ಟರು, ಕಾರ್ಡಿನಲ್ಲಿ ಇದ್ದಂತೆ ಸಹಿ ಹಾಕಲಿಲ್ಲ ಎಂದರು. ಉಳಿದ ಒಂದು ನಿಮಿಷದಲ್ಲಿ ಅಮ್ಮ ಊಟ ಮಾಡಿದಳಾ ಎಂದು ಕೇಳಿದರು, ಮಗಳ ಯಂತ್ರದ ಬ್ಯಾಟರಿ ಅಲಮಾರಿನ ಮೇಲಿನ ಡಬ್ಬಿಯಲ್ಲಿದೆ ಎಂದರು. ಅವರನ್ನು ಇಟ್ಟಿರುವ ಜಾಗ ನಮ್ಮ ಮನೆಯಿಂದ 138 ಕಿಲೋಮೀಟರ್. ಪಾನಾ ಚೀಲ ಇನ್ನೂ ವಲಸೆ ಕಚೇರಿಯ ಕಾವಲುಗಾರನ ಮೇಜಿನ ಕೆಳಗೆ ಇದೆ, ಯಾರೂ ಕೊಡುತ್ತಿಲ್ಲ.

ಜುಲೈ 7ರಂದು ತರಗತಿಯ ಆ ವಕೀಲೆಯನ್ನೇ ಹುಡುಕಿಕೊಂಡು ಹೋದೆ. ಜುಲೈ 10ರಂದು ಅವರು ಕೋರ್ಟಿನ ಕಡತದ ಪ್ರತಿ ತರಿಸಿ ನನ್ನನ್ನು ಕರೆದರು. ರಿಜಿಸ್ಟರ್ಡ್ ಲಕೋಟೆ ವಾಪಸ್ ಬಂದಿತ್ತು. ಅದರ ಮೇಲಿನ ಚೀಟಿಯಲ್ಲಿ ಮೇ 21, ಬೆಳಿಗ್ಗೆ 11.10, ಸ್ವೀಕರಿಸಲು ನಿರಾಕರಿಸಿದ್ದಾರೆ ಎಂಬ ಚೌಕಕ್ಕೆ ಗುರುತು ಹಾಕಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿದ್ದರು ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಕೋರ್ಟಿನ ಅಂಚೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ ಎಂದು ತರಗತಿಯಲ್ಲಿ ಹೇಳಿದ್ದೆನಲ್ಲ ಎಂದರು. ಯಾವಾಗ ಹೇಳಿದಿರಿ ಎಂದೆ. ಕೊನೆಯ ಹತ್ತು ನಿಮಿಷದಲ್ಲಿ ಎಂದರು. ನಾನು 5.35ರ ಬಸ್ಸಿನ ಬಗ್ಗೆ ಹೇಳಿದೆ.

ವಕೀಲೆ ವಿವರಿಸಿದ್ದು ಇಷ್ಟು. ನೋಟಿಸು ಕೈಗೆ ಸಿಗದೆ ವಿಚಾರಣೆ ತಪ್ಪಿದ್ದರೆ, ಆ ಆದೇಶ ತೆಗೆದುಹಾಕಿ ಮತ್ತೆ ವಿಚಾರಣೆ ಮಾಡಿ ಎಂದು ಅರ್ಜಿ ಹಾಕಬಹುದು. ಅರ್ಜಿ ಒಳಗೆ ಹೋದ ಕ್ಷಣದಿಂದ ಅದು ತೀರ್ಮಾನವಾಗುವವರೆಗೆ ನನ್ನ ಗಂಡನನ್ನು ವಿಮಾನ ಹತ್ತಿಸುವಂತಿಲ್ಲ. ಆದರೆ ನಿರಾಕರಿಸಿದರೆ ಸಿಕ್ಕಿತು ಎಂದೇ ಲೆಕ್ಕ. ನಿರಾಕರಿಸಿದವರಿಗೆ ತಾವು ಏನನ್ನು ಬೇಡ ಎನ್ನುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ ಎಂದು ತೋರಿಸಬೇಕು. ಅತ್ತೆಯ ಪ್ರಮಾಣಪತ್ರ ಬೇಕು, ಆದರೆ ಅದೊಂದೇ ಸಾಲದು, ಮಗನಿಗಾಗಿ ತಾಯಿ ಏನು ಬೇಕಾದರೂ ಹೇಳುತ್ತಾಳೆ ಎನ್ನುತ್ತಾರೆ. ನಮ್ಮ ಕಡೆಯವರಲ್ಲದ ಒಬ್ಬರು ಹೇಳಬೇಕು. ಬಾಗಿಲ ಆಚೆ ನಿಂತಿದ್ದವನು ಪೋಸ್ಟ್‌ಮ್ಯಾನ್ ಒಬ್ಬನೇ. ವಿಮಾನ ಜುಲೈ 18, ಶುಕ್ರವಾರ. ಅರ್ಜಿ 16ರ ಬೆಳಿಗ್ಗೆ ಕೋರ್ಟಿನಲ್ಲಿ ಇರಬೇಕು. ವಕೀಲೆ ಅಂದೇ ಅಂಚೆ ಇಲಾಖೆಗೆ ಪತ್ರ ಬರೆದರು. ಮೂವತ್ತು ಕೆಲಸದ ದಿನಗಳೊಳಗೆ ಉತ್ತರಿಸಲಾಗುವುದು ಎಂದು ಮರುದಿನವೇ ಉತ್ತರ ಬಂತು. ಅಷ್ಟು ಬೇಗ ಉತ್ತರ ಕೊಡಲು ಬರುವವರಿಗೆ ಉತ್ತರ ಕೊಡಲು ಮೂವತ್ತು ದಿನ ಯಾಕೆ ಬೇಕು ಎಂದು ನಾನು ಕೇಳಿದೆ.

ಇಷ್ಟಾದರೂ ಅತ್ತೆಗೆ ನಾನು ಏನೂ ಹೇಳಲಿಲ್ಲ. ಅವರು ದಿನಾ ಸಂಜೆ ನನ್ನ ಮುಂದೆ ಕುಳಿತು, ಅವನು ಹೊರಗೆ ಹೋಗಿದ್ದಕ್ಕೆ ಸಿಕ್ಕಿಬಿದ್ದ, ಮನೆಯಲ್ಲೇ ಇದ್ದಿದ್ದರೆ ನಾನು ಬಿಡುತ್ತಿದ್ದೆನಾ ಎನ್ನುತ್ತಾರೆ. ನಾನು ತಟ್ಟೆ ತೊಳೆಯಲು ಎದ್ದು ಹೋಗುತ್ತೇನೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದದ್ದೂ ಉಂಟು. ನಾಲಿಗೆ ತುದಿಗೆ ಬಂದದ್ದನ್ನು ಐದು ದಿನದಿಂದ ನುಂಗಿಕೊಂಡಿದ್ದೇನೆ. ನನಗೆ ಅವರ ಮೇಲೆ ಸಿಟ್ಟಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟಿದೆ.

ಜುಲೈ 11ರಂದು ಅಂಚೆ ಕಚೇರಿಗೆ ಹೋದೆ. ಎರಡನೇ ಕಿಟಕಿಯವರು ಐದನೆಯದಕ್ಕೆ ಕಳಿಸಿದರು, ಐದನೆಯವರು ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್ ರಜೆಯಲ್ಲಿದ್ದಾನೆ, ಅವನ ಹೆಸರು ಹೇಳುವಂತಿಲ್ಲ ಎಂದರು. ನನಗೆ ಅವನ ಹೆಸರು ಬೇಡ, ಅವನು ಬೇಕು ಎಂದೆ. ಜುಲೈ 14ರಂದು ಬದಲಿ ಮನುಷ್ಯ ಬಂದಿದ್ದ, ಅವನಿಗೆ ಏನೂ ಗೊತ್ತಿಲ್ಲ.

ಇಂದು ಜುಲೈ 15, ಮಂಗಳವಾರ. ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ, ಬೆಳಿಗ್ಗೆ 9.30ರಿಂದ ನಮ್ಮ ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಅಂಗಡಿಯ ಅಳತೆ ಟೇಪು ಎಂದಿನಂತೆ ಕತ್ತಿನಲ್ಲಿತ್ತು, ಅದನ್ನು ಬೇಕೆಂದು ತಂದದ್ದಲ್ಲ. 10.40ಕ್ಕೆ ದೂರುದಾರ ಪೋಸ್ಟ್‌ಮ್ಯಾನ್ ಮೂರು ಚಕ್ರದ ಗಾಡಿ ತಳ್ಳಿಕೊಂಡು ಬಂದು, ಅದನ್ನು ಮೆಟ್ಟಿಲ ಕಬ್ಬಿಣದ ಕಂಬಿಯಿಂದ ಒಂದು ಅಡಿ ದೂರದಲ್ಲಿ ನಿಲ್ಲಿಸಿ, ಗೋಡೆಯ ಅಂಚೆ ಡಬ್ಬಿಗಳಿಗೆ ಕಾಗದ ಹಾಕಲು ಶುರುಮಾಡಿದರು. ಸುಮಾರು 50 ವರ್ಷದ, ನಿಧಾನದ ಮನುಷ್ಯ. ಕಾಗದದ ಮೂಲೆ ಮಡಚಿದ್ದರೆ ಸರಿಮಾಡಿ ಹಾಕುತ್ತಾರೆ. ನಾನು ನನ್ನ ಮನೆಯ ನಂಬರ್ ಹೇಳಿ, ಮೇ 21ರ ರಿಜಿಸ್ಟರ್ಡ್ ನೆನಪಿದೆಯಾ ಎಂದು ಕೇಳಿದೆ. ಅವರು ನಕ್ಕರು.

"ನ್ಯಾಯಾಧೀಶರ ಸಹಿ ಕೇಳ್ತಾರಲ್ಲ, ಆ ಅಜ್ಜಿ ಮನೆನಾ? ಮರೆಯೋಕಾಗುತ್ತಾ?" ಎಂದರು.

ನನಗೆ ಹೋದ ಜೀವ ಬಂದ ಹಾಗಾಯಿತು. ಅದನ್ನೇ ಎರಡು ಸಾಲಿನಲ್ಲಿ ಬರೆದುಕೊಡಿ ಎಂದು ಪೆನ್ನು ಕಾಗದ ಮುಂದೆ ಹಿಡಿದೆ. ಅವರ ನಗು ಹೋಯಿತು. ಮೇಲಿನವರ ಅನುಮತಿ ಇಲ್ಲದೆ ಒಂದು ಅಕ್ಷರ ಬರೆದುಕೊಡುವಂತಿಲ್ಲ, ವಿಳಾಸದಾರರೇ ಬಂದು ಅರ್ಜಿ ಕೊಡಲಿ ಎಂದರು. ವಿಳಾಸದಾರರನ್ನು ಕೂಡಿಹಾಕಿದ್ದಾರೆ, ಶುಕ್ರವಾರ ವಿಮಾನ ಎಂದೆ. ಅಯ್ಯೋ ಎಂದರು. ನಿಜವಾಗಿ ಬೇಜಾರು ಮಾಡಿಕೊಂಡೇ ಎಂದರು. ಎಂದು, ಗಾಡಿಯ ಕಡೆ ತಿರುಗಿದರು. ಜುಲೈ 3ರಿಂದ ನನಗೆ ಎಲ್ಲರೂ ಅಯ್ಯೋ ಎಂದಿದ್ದಾರೆ. ಎಂದಾದ ಮೇಲೆ ಎಲ್ಲರೂ ಇನ್ನೊಂದು ಕಡೆ ತಿರುಗಿದ್ದಾರೆ. ಆಗ ನಾನು ಕತ್ತಿನ ಟೇಪು ತೆಗೆದು ಗಾಡಿಯ ಮುಂದಿನ ಚಕ್ರದ ಕಡ್ಡಿಗಳಲ್ಲಿ ತೂರಿಸಿ, ಕಂಬಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಟೇಪಿನ ಉದ್ದ 150 ಸೆಂಟಿಮೀಟರ್. ಗಂಟು ಹಾಕಿದ್ದು 10.47ಕ್ಕೆ.

ಬಿಚ್ಚಿ ಎಂದು ಅವರು ನಾಲ್ಕು ಸಲ ಹೇಳಿದರು. ಬರೆದುಕೊಡಿ ಎಂದು ನಾನು ನಾಲ್ಕು ಸಲ ಹೇಳಿದೆ. ನಾನು ಅವರನ್ನು ಮುಟ್ಟಲಿಲ್ಲ, ಬೈಯಲಿಲ್ಲ, ಒಂದು ಕಾಗದವನ್ನೂ ಎಳೆಯಲಿಲ್ಲ. ಅವರೂ ಬಿಚ್ಚಲು ನೋಡಿದರು, ಹೊಲಿಗೆಯವರು ಹಾಕಿದ ಗಂಟು ಬಡಪೆಟ್ಟಿಗೆ ಬಿಚ್ಚುವುದಿಲ್ಲ. ಅವರು ಫೋನ್ ಮಾಡಿದರು. 10.58ಕ್ಕೆ ಇಬ್ಬರು ಪೊಲೀಸರು ಬಂದರು. ಗಾಡಿ ನಿಂತದ್ದು ಒಟ್ಟು ಹನ್ನೊಂದು ನಿಮಿಷ. ಗಂಟು ಬಿಚ್ಚಿದ್ದು ನಾನೇ.

ಗುರುತಿನ ಚೀಟಿ ಮನೆಯಲ್ಲಿತ್ತು. 11.05ಕ್ಕೆ ಆ ಇಬ್ಬರು ಪೊಲೀಸರ ಜೊತೆ ಮೂರನೇ ಮಹಡಿಗೆ ಹೋದೆ. ಬೀಗದ ಕೈ ನನ್ನ ಹತ್ತಿರ ಇತ್ತು, ಆದರೆ ಒಳಗಿನಿಂದ ಚಿಲಕ ಹಾಕಿತ್ತು. ಪೊಲೀಸರಲ್ಲಿ ಎತ್ತರದವರು ಬಾಗಿಲು ತಟ್ಟಿದರು. ಒಳಗಿನಿಂದ ಮೂರು ವಾಕ್ಯ ಸ್ಪಷ್ಟವಾಗಿ ಬಂದವು. ಗುರುತಿನ ಚೀಟಿ ತೆಗೆದುಕೊಂಡು ಹೋಗಲು ಬಂದಿದ್ದೇವೆ ಅಷ್ಟೇ ಎಂದು ಅವರು ಮೆತ್ತಗೆ ಹೇಳಿದರು. ಅದೇ ಮೂರು ವಾಕ್ಯ ಮತ್ತೆ ಬಂದವು. ಇವರಿಗೆ ಕಾನೂನು ನನಗಿಂತ ಚೆನ್ನಾಗಿ ಗೊತ್ತಿದೆ ಎಂದು ಅವರು ಜೊತೆಯವರಿಗೆ ಹೇಳಿದ್ದನ್ನು ನಾನು ಕೇಳಿದೆ. ನಾನು ನಮ್ಮ ಭಾಷೆಯಲ್ಲಿ, ಅತ್ತೆ, ನಾನು ಎಂದೆ.

"ನೀನು ಅಂತ ಗೊತ್ತು ಕಣೇ," ಎಂದರು. "ನಿನ್ನ ಚಪ್ಪಲಿ ಪಕ್ಕ ಎರಡು ಜೊತೆ ಬೂಟು ಕಾಣ್ತಿದೆ."

ಅವರು ನೆಲಕ್ಕೆ ಮುಖ ಹಚ್ಚಿ ಬಾಗಿಲ ಸಂದಿಯಿಂದ ನೋಡುತ್ತಿದ್ದರು ಎಂದು ಆಗ ತಿಳಿಯಿತು. ಮಂಡಿ ಮಡಚಲು ಆಗದವರು. ಚೀಟಿ ಸಾಕು ಎಂದೆ. ಅದು ಬಾಗಿಲ ಕೆಳಗಿನಿಂದ ಬಂತು. ನಾವು ಮೆಟ್ಟಿಲು ಇಳಿಯುವಾಗ ಒಳಗಿನಿಂದ ಕೂಗಿದರು.

"ಏನಕ್ಕೂ ಸಹಿ ಹಾಕ್ಬೇಡ ಕಣೇ. ಏನಕ್ಕೂ."

ಠಾಣೆಗೆ 11.40ಕ್ಕೆ ತಲುಪಿದೆವು. ದೂರುದಾರರು ಆಗಲೇ ಬಂದು ಹೇಳಿಕೆ ಬರೆಯಿಸುತ್ತಿದ್ದರು. ನನ್ನ ಮೇಲಿನ ದೂರನ್ನು ನನಗೆ ಓದಿ ಹೇಳಬೇಕು ಎಂದು ಕೇಳಿದೆ, ಅದೂ ನನ್ನ ಹಕ್ಕು. 12.40ಕ್ಕೆ ಅಧಿಕಾರಿಗಳು ಓದಿದರು. ಗಾಡಿಯ ವಿಷಯ ಆರು ಸಾಲು. ಈಕೆ ನಿಮ್ಮನ್ನು ಯಾಕೆ ತಡೆದಳು ಎಂಬ ಪ್ರಶ್ನೆಗೆ ಅವರ ಉತ್ತರ ಒಂದು ಪುಟಕ್ಕೂ ಮೀರಿ ಇತ್ತು. ಮಡಚಿದ ಮೂಲೆ ಸರಿಮಾಡುವ ಮನುಷ್ಯ, ಏನನ್ನೂ ಬಿಟ್ಟಿರಲಿಲ್ಲ.

ಅದರಲ್ಲಿ ಇರುವುದು ಹೀಗೆ. ಮೇ 21ರಂದು ಬೆಳಿಗ್ಗೆ 11.10ಕ್ಕೆ ರಿಜಿಸ್ಟರ್ಡ್ ಲಕೋಟೆಯೊಂದಿಗೆ ಮೂರನೇ ಮಹಡಿಯ ಎಡ ಬಾಗಿಲ ಗಂಟೆ ಒತ್ತಿದೆ. ಒಳಗಿನಿಂದ ವಯಸ್ಸಾದ ಹೆಂಗಸಿನ ದನಿ, ನಾನು ಬಾಗಿಲು ತೆರೆಯುವುದಿಲ್ಲ, ನ್ಯಾಯಾಧೀಶರ ಸಹಿ ಇರುವ ಕಾಗದವನ್ನು ಕೆಳಗಿನಿಂದ ತಳ್ಳಿ, ವಕೀಲರಿಲ್ಲದೆ ಮಾತಾಡುವುದಿಲ್ಲ ಎಂದು ಹೇಳಿತು. ಉಚ್ಚಾರಣೆ ಕೇಳಿ ಇಲ್ಲಿಯವರೇ ಎಂದುಕೊಂಡೆ. ಅಂಚೆಯವನು, ಸಹಿ ಬೇಕು ಎಂದೆ. ಅದೇ ಮೂರು ವಾಕ್ಯ. ಹಾಗಾದರೆ ಬೇಡವೇ ಎಂದೆ. ಅದೇ ಮೂರು ವಾಕ್ಯ. ಅನುಮಾನ ಬಂದು, ಕಟ್ಟಡಕ್ಕೆ ಬೆಂಕಿ ಬಿದ್ದರೂ ತೆರೆಯುವುದಿಲ್ಲವೇ ಎಂದು ಕೇಳಿದೆ. ಅದೇ ಮೂರು ವಾಕ್ಯ, ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡು. ಆಕೆಗೆ ನನ್ನ ಮಾತು ಒಂದೂ ಅರ್ಥವಾಗುತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಚೀಟಿಯಲ್ಲಿ ತಲುಪಿದೆ, ಮನೆಯಲ್ಲಿ ಯಾರೂ ಇಲ್ಲ, ನಿರಾಕರಿಸಿದ್ದಾರೆ ಎಂಬ ಮೂರು ಚೌಕ ಮಾತ್ರ ಇವೆ. ತಲುಪಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಉಳಿದ ಚೌಕಕ್ಕೆ ಗುರುತು ಹಾಕಿದೆ. ನಿರಾಕರಿಸಿದವರಿಗೆ ಸೂಚನಾ ಚೀಟಿ ಬಿಟ್ಟುಹೋಗುವ ನಿಯಮ ಇಲ್ಲದ್ದರಿಂದ ಬಿಡಲಿಲ್ಲ.

ಲಕೋಟೆಯ ಒಳಗಿದ್ದ ನೋಟಿಸಿನಲ್ಲಿ ನ್ಯಾಯಾಧೀಶರ ಸಹಿ ಇತ್ತು, ಕಡತದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಅತ್ತೆ ಏನು ಕೇಳಿದರೋ ಅದೇ ಪೋಸ್ಟ್‌ಮ್ಯಾನ್ ಕೈಯಲ್ಲಿತ್ತು. ಪಡೆದವರ ಸಹಿ ಇಲ್ಲದೆ ತಳ್ಳುವಂತಿಲ್ಲ ಎಂದು ಅವರು ತಳ್ಳಲಿಲ್ಲ, ತಳ್ಳದೆ ತೆರೆಯುವಂತಿಲ್ಲ ಎಂದು ಇವರು ತೆರೆಯಲಿಲ್ಲ. ನಡುವೆ ಒಂದೂವರೆ ಇಂಚು ದಪ್ಪದ ಬಾಗಿಲು. ಯಾರನ್ನು ಬೈಯಬೇಕು ಎಂದು ಯಾರಾದರೂ ನನಗೆ ಹೇಳಿದರೆ ಉಪಕಾರವಾಗುತ್ತದೆ.

ದೂರು ಓದಿ ಮುಗಿದ ಮೇಲೆ ನಾನು ನೀರು ಕೇಳಿ ಕುಡಿದೆ. ಎದುರಿನ ಬೆಂಚಿನಲ್ಲಿದ್ದ ಪೋಸ್ಟ್‌ಮ್ಯಾನ್ ನನ್ನ ಕಡೆ ನೋಡಿ, "ನಾನು ಸುಳ್ಳು ಗುರುತು ಹಾಕ್ಲಿಲ್ಲಮ್ಮ. ಅದರಲ್ಲಿ ಇರೋದೇ ಮೂರು ಚೌಕ," ಎಂದರು. ಆಮೇಲೆ ಎದ್ದು, ಈಕೆಯ ಮೇಲೆ ನನಗೆ ಏನೂ ಇಲ್ಲ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅಧಿಕಾರಿಗಳಿಗೆ ಹೇಳಿದರು. ಅಧಿಕಾರಿಗಳಿಗೂ ಸಮಾಧಾನವಾಯಿತು. ರಾಜಿ ಎಂದು ಒಂದು ಸಾಲು ಬರೆದು ಈ ಕಾಗದ ಹರಿದುಹಾಕುತ್ತೇನೆ, ಇಬ್ಬರೂ ಮನೆಗೆ ಹೋಗಿ ಎಂದರು. ಕಾಗದವನ್ನು ಕೈಗೆ ತೆಗೆದುಕೊಂಡೂ ಆಗಿತ್ತು.

"ಹರೀಬೇಡಿ ಸರ್," ಎಂದೆ. "ಕೇಸು ಹಾಕಿ."

ವಕೀಲೆಗೆ ಫೋನ್ ಮಾಡಲು ಅವಕಾಶ ಕೇಳಿದೆ, ಕೊಟ್ಟರು. ಸಮಯ 1.05. ಠಾಣೆ ಎಂದ ತಕ್ಷಣ ವಕೀಲೆ, ಒಂದು ಮಾತೂ ಆಡಬೇಡಿ, ಸುಮ್ಮನಿರಿ, ನಾನು ಬರುತ್ತೇನೆ ಎಂದರು. ನಾನು ದೂರಿನಲ್ಲಿ ಕೇಳಿದ್ದನ್ನು ಹೇಳಿದೆ. ಅದರ ಮೇಲೆ ಠಾಣೆಯ ಮೊಹರು ಬಿದ್ದಿದೆಯಾ ಎಂದು ಕೇಳಿದರು. ಇಲಾಖೆಯ ಅನುಮತಿ ಇಲ್ಲದೆ ಅವನು ನಮಗೆ ಒಂದು ಸಾಲು ಬರೆದುಕೊಡುವಂತಿಲ್ಲ, ಆದರೆ ಕೆಲಸದ ಮೇಲಿದ್ದಾಗ ತಡೆದರೆ ಪೊಲೀಸರಿಗೆ ಪೂರ್ತಿ ಹೇಳಲೇಬೇಕು, ಅದನ್ನೇ ಮಾಡಿದ್ದಾನೆ ಎಂದರು. ಪ್ರಕರಣ ದಾಖಲಾದರೆ ಅದರ ದೃಢೀಕೃತ ಪ್ರತಿಯನ್ನು ನಿಮಗೆ ಕೊಡಲೇಬೇಕು. ರಾಜಿಯಾದರೆ ಆ ಕಾಗದ ಇರುವುದೇ ಇಲ್ಲ. ಇಷ್ಟು ಹೇಳಿ, ನಿಮ್ಮ ವಕೀಲಳಾಗಿ ನಾನು ರಾಜಿ ಮಾಡಿಕೊಳ್ಳಿ ಎಂದೇ ಹೇಳಬೇಕು, ನಿಮ್ಮ ಸ್ವಂತ ಪರವಾನಗಿ ನವೀಕರಣ ನವೆಂಬರಿನಲ್ಲಿದೆ, ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ಪ್ರಕರಣ ಇದ್ದರೆ ನಾಳೆ ನಿಮ್ಮ ಕುತ್ತಿಗೆಗೇ ಬರಬಹುದು, ತೀರ್ಮಾನ ನಿಮ್ಮದು ಎಂದರು. ಅಧಿಕಾರಿಗಳೂ ಇದೇ ಎಚ್ಚರಿಕೆಯನ್ನು ನನಗೆ ಎರಡು ಸಲ ಕೊಟ್ಟಿದ್ದಾರೆ. ಕೊಟ್ಟಿಲ್ಲ ಎಂದು ನಾನು ಎಂದೂ ಹೇಳುವುದಿಲ್ಲ.

ಆದ್ದರಿಂದ ನಾನು ಒಪ್ಪಿಕೊಳ್ಳುತ್ತೇನೆ. ಗಾಡಿ ಕಟ್ಟಿದ್ದು ನಾನು. ಬೇಕೆಂದೇ ಕಟ್ಟಿದ್ದು. ಹನ್ನೊಂದು ನಿಮಿಷ ನಿಲ್ಲಿಸಿದ್ದು ನಿಜ. ನನ್ನ ಫೋನಿನ ಮಾತು ಕೇಳಿಸಿಕೊಂಡ ದೂರುದಾರರು ಕಡೆಗೆ ದೂರು ವಾಪಸ್ ಪಡೆಯುವುದನ್ನು ಬಿಟ್ಟು, ಬದಲಿಗೆ ಒಂದು ಸಾಲು ಸೇರಿಸಲು ಕೇಳಿದರು: ಲಕೋಟೆ ಕೋರ್ಟಿನದು ಎಂದು ನಾನು ಬಾಗಿಲ ಹೊರಗಿನಿಂದ ಒಮ್ಮೆಯೂ ಹೇಳಲಿಲ್ಲ. ಅದನ್ನು ಬರೆಯಿಸಿ, ಅದರ ಕೆಳಗೆ ಮತ್ತೊಮ್ಮೆ ಸಹಿ ಹಾಕಿ, ಉಳಿದ ಅಂಚೆ ಹಂಚಲು 1.40ಕ್ಕೆ ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾಚಿಕೆಯಾಗಿರಬೇಕು, ಅಥವಾ ನನ್ನ ಹಾಗೆಯೇ ಸುಸ್ತಾಗಿರಬೇಕು. ಎತ್ತರದ ಪೊಲೀಸರೂ ನಮ್ಮ ಬಾಗಿಲಲ್ಲಿ 11.05ಕ್ಕೆ ಕೇಳಿದ್ದನ್ನು ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ ಎಂದು ತಿಳಿಯಿತು. ಅದರ ಪ್ರತಿಯನ್ನೂ ಕೋರುತ್ತೇನೆ. ಟೇಪನ್ನು ಸಾಕ್ಷ್ಯವಾಗಿ ಇಟ್ಟುಕೊಂಡಿದ್ದಾರೆ. ಅದು ನನಗೆ ವಾಪಸ್ ಬೇಡ, ಭದ್ರವಾಗಿ ಇಟ್ಟುಕೊಳ್ಳಲಿ.

ನನ್ನ ಒಂದೇ ಕೋರಿಕೆ, ಪ್ರತಿಗಳು ಇಂದು 4.30ರೊಳಗೆ ನನ್ನ ಕೈಗೆ ಬರಬೇಕು. ವಕೀಲೆಯ ಕಚೇರಿ ಇಲ್ಲಿಂದ 6 ಕಿಲೋಮೀಟರ್, ಅದಕ್ಕೂ ಮೊದಲು ನಾನು ಮನೆಗೆ ಹೋಗಬೇಕು. ಅತ್ತೆಯ ಪ್ರಮಾಣಪತ್ರವೂ ನಾಳೆಯ ಅರ್ಜಿಯ ಜೊತೆ ಹೋಗಬೇಕು. ಅದಕ್ಕೆ ಮೇ 21ರಂದು ಏನಾಯಿತು, ಯಾರಿಂದ ಆಯಿತು ಎಂದು ಅವರಿಗೆ ಹೇಳಬೇಕು. ಅಂಚೆ ಗಾಡಿಯನ್ನು ಕಟ್ಟಿಹಾಕಲು ನನಗೆ ಅರ್ಧ ನಿಮಿಷ ಹಿಡಿಯಲಿಲ್ಲ. ಇದನ್ನು ಹೇಳಲು ಐದು ದಿನದಿಂದ ಆಗಿಲ್ಲ. ಚಿಲಕ ತೆಗೆಸಿ, ಕೂರಿಸಿ, ಮಗಳನ್ನು ಟೀಚರ್ ಹತ್ತಿರ ಕಳಿಸಿದ ಮೇಲೆ ಹೇಳುತ್ತೇನೆ. ಗಂಟಲು ಮುಟ್ಟಿ ಕಲಿಸಿದವಳಿಗೆ ಇದು ಗೊತ್ತಾಗಬಾರದು.

ಈ ಹೇಳಿಕೆಯನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಎರಡನೇ ಸಲ ನಾನೇ ಕೇಳಿ ಓದಿಸಿದ್ದು. ಯಾರೂ ಹೆದರಿಸಿಲ್ಲ, ಯಾರೂ ಆಸೆ ತೋರಿಸಿಲ್ಲ, ಹೇಳಿದ್ದರಲ್ಲಿ ಹೆಚ್ಚು ಕಡಿಮೆ ಇಲ್ಲ. ಏನಕ್ಕೂ ಸಹಿ ಹಾಕಬೇಡ ಎಂದು ಅತ್ತೆ ಹೇಳಿದ್ದಾರೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡ ಎಂದು ಕಾರ್ಡಿನಲ್ಲಿದೆ. ಇದು ನನಗೆ ಪೂರ್ತಿ ಅರ್ಥವಾಗಿದೆ. ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಒಳಗಿನ ಕೋಣೆ
ದಿನಾಂಕ: ಜುಲೈ 15, ಮಧ್ಯಾಹ್ನ 2.50
ಸಹಿ: (ಹೇಳಿಕೆ ಕೊಟ್ಟವರದು)
ನನ್ನ ಮುಂದೆ ಹೇಳಿ ಬರೆಯಿಸಿದ್ದು: (ಅಧಿಕಾರಿಯ ಸಹಿ, ಮೊಹರು)
ಪ್ರತಿ ಕೊಟ್ಟ ಸಮಯ: 3.35